ಕಾರ್ ಶೆಡ್‌ನ ದೀಪ ಕಾರಿನ ನೆತ್ತಿಯ ಮೇಲೆ ಬೇಡ

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಈಚೆಗೆ ಕಟ್ಟಿಸಿದ ಮನೆಗಳಿಗೆ ಹೋದರೆ ಹಾಲ್‌ನ ಫಾಲ್ಸ್ ಸೀಲಿಂಗ್ ತುಂಬ ಸಣ್ಣ ದೀಪಗಳು, ದೇವರ ಕೋಣೆಗೆ ಬಣ್ಣದ ಸ್ಟ್ರಿಪ್, ಮೆಟ್ಟಿಲ ಬದಿಗೆ ಹುದುಗಿಸಿಟ್ಟ ದೀಪಗಳು ಕಾಣುತ್ತವೆ. ಅದೇ ಮನೆಯ ಕಾರ್ ಶೆಡ್‌ಗೆ ಬಂದರೆ ಸ್ಲ್ಯಾಬಿನ ನಟ್ಟನಡುವೆ ಒಂದು ಹೋಲ್ಡರ್, ಅದರಲ್ಲಿ 9 ವ್ಯಾಟ್‌ನ ಒಂದು ಬಲ್ಬು. ಅದೂ ಸರ್ಕಾರದ ‘ಹೊಸ ಬೆಳಕು’ ಎಲ್‌ಇಡಿ ಬಲ್ಬು ಯೋಜನೆಯಲ್ಲಿ ತಂದಿದ್ದು ಒಳಗೆಲ್ಲೂ ಬೇಡವಾಗಿ ಹೊರಗೆ ಬಂದಿರುತ್ತದೆ. ಅಕ್ಕಿ ಮೂಟೆ ಇಳಿಸುವುದು, ಬೈಕಿನ ಚೈನಿಗೆ ಎಣ್ಣೆ ಬಿಡುವುದು, ಪಂಕ್ಚರ್ ಆದ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕುವುದು, ಮಕ್ಕಳ ಸೈಕಲ್ಲಿನ ಬ್ರೇಕ್ ಬಿಗಿ ಮಾಡುವುದು, ಇವೆಲ್ಲ ನಡೆಯುವುದು ಆ ಬಲ್ಬಿನ ಕೆಳಗೆ, ಬಹುಮಟ್ಟಿಗೆ ಸಂಜೆ ಏಳರ ನಂತರ. ಕತ್ತಲೆ ಎನಿಸಿದವರು ಬಲ್ಬು ತೆಗೆದು 50 ವ್ಯಾಟ್‌ನ ಫ್ಲಡ್‌ಲೈಟ್ ಹಾಕಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದರಿಂದ ಬಿಲ್ಲು ಹೆಚ್ಚುತ್ತದೆಯೇ ಹೊರತು ಕೆಲಸ ಸುಲಭವಾಗುವುದಿಲ್ಲ. ಕೊರತೆ ಇರುವುದು ವ್ಯಾಟಿನಲ್ಲಲ್ಲ, ದೀಪ ಕೂತಿರುವ ಜಾಗದಲ್ಲಿ.

ಶೆಡ್ಡು ಖಾಲಿ ಇರುವಾಗ ನಡುವಿನ ದೀಪ ನೆಲವನ್ನೆಲ್ಲ ಬೆಳಗುತ್ತದೆ, ಮನೆ ಪ್ರವೇಶದ ದಿನ ನೋಡಿದವರಿಗೆ ಅದು ಸರಿಯಾಗಿಯೇ ಕಾಣುತ್ತದೆ. ಕಾರು ಒಳಗೆ ಬಂದು ನಿಂತ ಕೂಡಲೇ ಲೆಕ್ಕ ತಪ್ಪುತ್ತದೆ. ಹತ್ತು ಅಡಿ ಅಗಲದ ಶೆಡ್‌ನಲ್ಲಿ ಐದೂವರೆ ಅಡಿಗೂ ಹೆಚ್ಚು ಜಾಗವನ್ನು ಕಾರೇ ಹಿಡಿಯುವುದರಿಂದ ದೀಪದ ಬೆಳಕಿನ ಬಹುಪಾಲು ಅದರ ಟಾಪ್ ಮೇಲೆ ಬಿದ್ದು ಮುಗಿದುಹೋಗುತ್ತದೆ, ನಾವು ನಡೆಯುವ, ಬಾಗುವ, ಕೂರುವ ಎರಡೂ ಬದಿಯ ಎರಡೆರಡು ಅಡಿ ಜಾಗ ಕಾರಿನ ನೆರಳಿನಲ್ಲಿ ಉಳಿಯುತ್ತದೆ. ಬಾನೆಟ್ ಎತ್ತಿದರೆ ಇನ್ನೂ ಕಷ್ಟ. ಎತ್ತಿದ ಬಾನೆಟ್ಟೇ ಎಂಜಿನ್ ಮೇಲೆ ಕೊಡೆ ಹಿಡಿದಂತೆ ನಿಲ್ಲುತ್ತದೆ. ಆದ್ದರಿಂದ ಶೆಡ್‌ಗೆ ಒಂದು ದೊಡ್ಡ ದೀಪಕ್ಕಿಂತ ನಾಲ್ಕು ಅಡಿಯ ಎರಡು ಬ್ಯಾಟನ್‌ಗಳು (ಟ್ಯೂಬ್‌ಲೈಟಿನಂಥ ಉದ್ದನೆಯ ಎಲ್‌ಇಡಿ ಪಟ್ಟಿ ದೀಪಗಳು) ಮೇಲು. ಅವನ್ನು ಗೋಡೆಯಿಂದ ಒಂದು, ಒಂದೂವರೆ ಅಡಿ ಬಿಟ್ಟು, ಕಾರಿನ ಉದ್ದಕ್ಕೆ ಸಮಾನಾಂತರವಾಗಿ ಎರಡೂ ಬದಿಯಲ್ಲಿ ಕೂರಿಸಬೇಕು. ಸ್ವತಃ ರಿಪೇರಿ ಮಾಡುವ ಹವ್ಯಾಸವಿದ್ದವರು ಬಾನೆಟ್ ಇರುವ ಕಡೆಯ ಗೋಡೆಗೆ ಮೂರನೆಯದೊಂದನ್ನು ಅಡ್ಡಲಾಗಿ ಹಾಕಿ ಅದಕ್ಕೆ ಬೇರೆ ಸ್ವಿಚ್ ಇಟ್ಟುಕೊಳ್ಳಲಿ. ಗೋಡೆಗೆ ಬಿಳಿ ಅಥವಾ ತಿಳಿ ಬಣ್ಣವಿದ್ದರೆ ಬೆಳಕು ಅಲ್ಲಿಂದ ಚದುರಿ ಕಾರಿನ ಬದಿಗೂ ಬೀಳುತ್ತದೆ; ಕೊಳೆ ಕಾಣಬಾರದೆಂದು ಕಡು ಬೂದು ಬಣ್ಣ ಬಳಿಸಿದ ಶೆಡ್‌ಗಳಲ್ಲಿ ಈ ಲಾಭ ಸಿಗುವುದಿಲ್ಲ.

ಎಷ್ಟು ಬೆಳಕು ಬೇಕು ಎಂಬುದನ್ನು ಲ್ಯೂಮೆನ್‌ನಲ್ಲಿ ಕೇಳಬೇಕು. ಡಬ್ಬಿಯ ಮೇಲೆ ವ್ಯಾಟನ್ನು ದಪ್ಪ ಅಕ್ಷರದಲ್ಲೂ ಲ್ಯೂಮೆನ್ನನ್ನು ಮೂಲೆಯಲ್ಲೂ ಬರೆದಿರುತ್ತಾರೆ. ವ್ಯಾಟ್ ಎಂಬುದು ದೀಪ ತಿನ್ನುವ ಕರೆಂಟು, ಲ್ಯೂಮೆನ್ ಅದು ಕೊಡುವ ಬೆಳಕು. ಸಾಧಾರಣ ಗುಣಮಟ್ಟದ 20 ವ್ಯಾಟ್ ಬ್ಯಾಟನ್ ಸುಮಾರು 2,000 ಲ್ಯೂಮೆನ್ ಕೊಡುತ್ತದೆ. ಇಪ್ಪತ್ತಕ್ಕೆ ಹತ್ತು ಅಡಿಯ ಶೆಡ್ ಎಂದರೆ ಸುಮಾರು 18.5 ಚದರ ಮೀಟರ್. ಎರಡು ಬ್ಯಾಟನ್‌ಗಳ 4,000 ಲ್ಯೂಮೆನ್‌ನಲ್ಲಿ ಗೋಡೆ, ದೂಳು, ಕಾರಿನ ಮೈ ನುಂಗಿದ್ದನ್ನು ಕಳೆದು ಅರ್ಧ ನೆಲ ಮುಟ್ಟಿದರೂ ಚದರ ಮೀಟರಿಗೆ ನೂರರ ಆಸುಪಾಸು, ಅಂದರೆ 100 ಲಕ್ಸ್ ಆಗುತ್ತದೆ. ಗಾಡಿ ನಿಲ್ಲಿಸಿ ಸಾಮಾನು ಇಳಿಸಲು ಇಷ್ಟು ಧಾರಾಳ. ಸ್ಕ್ರೂ, ವೈರು, ಆಯಿಲ್ ಸೋರಿಕೆ ನೋಡುವ ಕೆಲಸಕ್ಕೆ ಇದರ ಎರಡು ಮೂರು ಪಟ್ಟು ಬೇಕು, ಆದರೆ ಆ ಬೆಳಕು ಕೈಯಿರುವ ಕಡೆ ಮಾತ್ರ ಬೇಕಾದ್ದರಿಂದ ಅದಕ್ಕೆ ಮೂರನೆಯ ಬ್ಯಾಟನ್ ಮತ್ತು ಕೈಯಲ್ಲಿ ಹಿಡಿಯುವ ಒಂದು ಸಣ್ಣ ದೀಪ ಸಾಕು.

ಅಶೋಕ ರಸ್ತೆಯ ಕಡೆಯ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ 4,000 ಕೆಲ್ವಿನ್‌ನ (ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ಬಿಳುಪು) ಬ್ಯಾಟನ್ ಕೇಳಿದಾಗ ಕೌಂಟರಿನ ಹುಡುಗ, ‘ಸಾರ್, ಅದು ಯಾರೂ ಕೇಳಲ್ಲ, ಬೆಳ್ಳಗಿರೋದು ತಗೊಳ್ರಿ, ಲಕಲಕ ಅಂತದೆ’ ಎಂದ. ಅವನ ಮಾತು ವ್ಯಾಪಾರದ ಮಟ್ಟಿಗೆ ನಿಜ. ನಮ್ಮಲ್ಲಿ ಬಿಳುಪು ಹೆಚ್ಚಿದಷ್ಟೂ ಬೆಳಕು ಹೆಚ್ಚು ಎಂಬ ನಂಬಿಕೆ ಇದೆ. ಆದರೆ ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು ಕೊಡುವ ಚಿಪ್ಪು, ಅದರ ಮೇಲೆ ಹಳದಿ ಫಾಸ್ಫರ್‌ನ ಲೇಪ. (ಆ ನೀಲಿ ಚಿಪ್ಪನ್ನು ಸಾಧ್ಯವಾಗಿಸಿದ್ದಕ್ಕೇ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂದದ್ದು.) 6,500 ಕೆಲ್ವಿನ್‌ನ ದೀಪದಲ್ಲಿ ನೀಲಿಯ ಪಾಲು ಹೆಚ್ಚು, ಕೀಟಗಳನ್ನು ಸೆಳೆಯುವುದೂ ಮುಖ್ಯವಾಗಿ ಆ ಪಾಲೇ. ಮೊದಲ ಮಳೆಗೆ ನೆಲದಿಂದ ಏಳುವ ರೆಕ್ಕೆಗೆದ್ದಲಿನ ರಾಶಿಯನ್ನು ಬೆಳಿಗ್ಗೆ ಗುಡಿಸಿದವರಿಗೂ, ಭದ್ರಾ ನಾಲೆಯ ಭತ್ತದ ಗದ್ದೆಗಳ ಅಂಚಿನ ಬಡಾವಣೆಗಳಲ್ಲಿ ಸಣ್ಣ ಹಸಿರು ಹುಳುಗಳ ಕಾಟ ಕಂಡವರಿಗೂ ಇದನ್ನು ವಿವರಿಸಬೇಕಿಲ್ಲ. 4,000 ಕೆಲ್ವಿನ್ ಕಣ್ಣಿಗೂ ಹಿತ, ಬಣ್ಣದ ವೈರುಗಳನ್ನು ಗುರುತಿಸಲೂ ಅಡ್ಡಿಯಿಲ್ಲ. ಬಣ್ಣ ಸರಿಯಾಗಿ ಕಾಣಬೇಕೆಂದರೆ ಡಬ್ಬಿಯಲ್ಲಿ ಸಿಆರ್‌ಐ (ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ) 80ಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಬೇಕು. ಅಂಗಡಿಯಲ್ಲೇ ದೀಪ ಹಚ್ಚಿಸಿ ಮೊಬೈಲ್ ಕ್ಯಾಮೆರಾದ ಸ್ಲೋ ಮೋಷನ್‌ನಲ್ಲಿ ನೋಡಿ. ಬೆಳಕು ಜೋರಾಗಿ ಪಟಪಟಿಸುವುದು ಕಂಡರೆ ಒಳಗಿನ ಡ್ರೈವರ್ (ಎಲ್‌ಇಡಿಗೆ ಕರೆಂಟನ್ನು ಹದ ಮಾಡಿ ಕೊಡುವ ಸರ್ಕ್ಯೂಟ್) ಅಗ್ಗದ್ದು. ಅಂಥ ದೀಪದ ಕೆಳಗೆ ತಿರುಗುವ ಗ್ರೈಂಡರ್ ಅಥವಾ ಡ್ರಿಲ್ ನಿಧಾನವಾಗಿ ತಿರುಗುತ್ತಿರುವಂತೆ, ಒಮ್ಮೊಮ್ಮೆ ನಿಂತೇ ಇರುವಂತೆ ಕಾಣಬಹುದು, ಅದು ಅಪಾಯ.

ನಮ್ಮೂರಿನ ಶೆಡ್‌ಗಳಲ್ಲಿ ದೀಪ ಕೆಡಲು ದೊಡ್ಡ ಕಾರಣ ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿಯ ಹತ್ತಿರ ಇರುವಾಗ ತಗಡಿನ ಛಾವಣಿಯ ಅಡಿ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ, ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಆ ಕಾವು ಇಳಿಯುವುದಿಲ್ಲ. ಎಲ್‌ಇಡಿ ಚಿಪ್ಪು ಸುಲಭಕ್ಕೆ ಸಾಯುವುದಿಲ್ಲ. ಬೇಗ ಸಾಯುವುದು ಡ್ರೈವರಿನ ಒಳಗಿನ ಕೆಪಾಸಿಟರ್, ಅದಕ್ಕೆ ಬಿಸಿಯೇ ಶತ್ರು. ಡಬ್ಬಿಯ ಮೇಲಿನ 25,000 ಗಂಟೆಯ ಆಯುಷ್ಯ ತಗಡಿಗೆ ಅಂಟಿಸಿದ ದೀಪದ ಲೆಕ್ಕವಲ್ಲ. ತಗಡಿನ ಶೆಡ್ ಇದ್ದವರು ದೀಪವನ್ನು ಶೀಟಿಗೆ ಸ್ಕ್ರೂ ಹೊಡೆಸದೆ, ಶೀಟನ್ನು ಹೊತ್ತ ಕಬ್ಬಿಣದ ಪೈಪಿಗೆ ಕ್ಲಾಂಪ್ ಹಾಕಿಸಿ ಅರ್ಧ ಅಡಿಯಾದರೂ ಕೆಳಗೆ ಇಳಿಸಬೇಕು. ಚಿತ್ರದುರ್ಗದಲ್ಲಿರುವ ನಮ್ಮ ಭಾವ ಅದನ್ನು ಸರಪಳಿಯಲ್ಲಿ ನೇತುಹಾಕಿಸಿದ್ದರು. ಗಾಳಿಯಂತ್ರಗಳನ್ನು ನೆಡುವಷ್ಟು ಗಾಳಿ ಇರುವ ಊರಿನಲ್ಲಿ ಅದು ಆಷಾಢವಿಡೀ ತೂಗಾಡುತ್ತಿತ್ತು, ಕೊನೆಗೆ ಅವರೂ ಕ್ಲಾಂಪಿಗೆ ಬಂದರು. ಮೂರು ಕಡೆ ತೆರೆದಿರುವ, ಎರಚಲು ಬಡಿಯುವ ಪೋರ್ಟಿಕೊಗಳಿಗೆ ದೂಳು, ನೀರು ಒಳಹೋಗದ, ಐಪಿ 65 ಎಂದು ಬರೆದ ಮುಚ್ಚಿದ ಫಿಟ್ಟಿಂಗ್ ಬೇಕು. ಮಂಡಕ್ಕಿ ಭಟ್ಟಿಗಳ ಮಸಿ ಬರುವ ಕಡೆಯ ಮನೆಗಳಿಗೂ ಅದೇ ಸರಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಮುಚ್ಚಿದ ಶೆಡ್‌ಗೆ ಅದರ ಖರ್ಚು ಬೇಡ.

ಎರಡನೆಯ ಕಾರಣ ಕರೆಂಟಿನ ಏರಿಳಿತ. ಗುಡುಗು ಮಳೆಯ ದಿನ ಲೈನ್ ಹೋಗಿ ಬಂದಾಗ ನುಗ್ಗುವ ಸರ್ಜ್, ಅಂದರೆ ಒಮ್ಮೆಲೇ ಏರುವ ವೋಲ್ಟೇಜು, ಡ್ರೈವರನ್ನು ಸುಡುತ್ತದೆ. ಡಬ್ಬಿಯಲ್ಲಿ ಸರ್ಜ್ ತಡೆ 2.5 ಅಥವಾ 4 ಕೆವಿ (ಕಿಲೋವೋಲ್ಟ್) ಎಂದು ಬರೆದಿದ್ದರೆ ಒಳ್ಳೆಯದು; ಏನೂ ಬರೆಯದ ದೀಪ ನೂರು ರೂಪಾಯಿ ಕಡಿಮೆಗೆ ಸಿಕ್ಕರೂ ನಾನು ಕೊಳ್ಳುವುದಿಲ್ಲ. ಬಿಲ್ಲನ್ನು ಕೇಳಿ ಪಡೆಯಿರಿ. ಅಂಗಡಿಯವರು ದೀಪದ ಪಟ್ಟಿಯ ಹಿಂದೆ ಮಾರ್ಕರ್‌ನಲ್ಲಿ ತಾರೀಖು ಬರೆದು ಕೊಡುತ್ತಾರೆ, ವಾರಂಟಿಗೆ ಅದೇ ಆಧಾರ ಎನ್ನುತ್ತಾರೆ. ಆದರೆ ಶೆಡ್‌ನ ಕಾವಿಗೆ ಆ ಶಾಯಿ ಅಳಿಸಿಹೋದರೆ ಯಾರೂ ಮಾತು ಕೇಳುವುದಿಲ್ಲ.

ವೈರಿಂಗ್ ವಿಷಯದಲ್ಲಿ ಎಲೆಕ್ಟ್ರಿಷಿಯನ್‌ಗೆ ಎದುರೇ ನಿಂತು ಹೇಳಬೇಕಾದ ಮಾತುಗಳಿವೆ. ಸ್ವಿಚ್ಚು ಫೇಸ್ ಲೈನಿನಲ್ಲೇ ಇರಬೇಕು. ಹಳೆಯ ಮನೆಗಳಲ್ಲಿ ಅದು ನ್ಯೂಟ್ರಲ್‌ನಲ್ಲಿ ಇರುವುದುಂಟು. ಆಗ ಆಫ್ ಮಾಡಿದ ಮೇಲೂ ಎಲ್‌ಇಡಿ ಮಿಣಮಿಣ ಎನ್ನುತ್ತದೆ, ದೀಪ ಬದಲಿಸಲು ಏಣಿ ಹತ್ತಿದವರಿಗೆ ಶಾಕ್ ಹೊಡೆಯುತ್ತದೆ. ಕಬ್ಬಿಣದ ಶೆಡ್ಡಿಗೂ ಲೋಹದ ಫಿಟ್ಟಿಂಗಿಗೂ ಅರ್ಥಿಂಗ್ ಕೊಡಿಸಲೇಬೇಕು, ಆ ಲೈನು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಹಾದು ಬರಬೇಕು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಗಾಡಿ ತೊಳೆಯುವ ಜಾಗ ಅದು. ಗೇಟಿನ ಬಳಿ ಒಂದು, ಮನೆ ಬಾಗಿಲ ಬಳಿ ಒಂದು ಟೂ ವೇ ಸ್ವಿಚ್ ಇಟ್ಟರೆ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್‌ಗೆ ದೀಪದ ಲೈನಿನಿಂದ ಟ್ಯಾಪ್ ಮಾಡಿಕೊಡುವವರಿದ್ದಾರೆ, ದಯವಿಟ್ಟು ಒಪ್ಪಬೇಡಿ. ಅದಕ್ಕೆ 2.5 ಚದರ ಎಂಎಂ ತಾಮ್ರದ ವೈರು, ತನ್ನದೇ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಇರುವ ಬೇರೆ ಪಾಯಿಂಟ್ ಬೇಕು. ಹಳೆಯ ಟ್ಯೂಬ್ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹಾಕುವವರು ಚೋಕ್, ಸ್ಟಾರ್ಟರ್ ತೆಗೆಸಿ, ಡಬ್ಬಿಯ ಮೇಲಿನ ಚಿತ್ರದಂತೆಯೇ ಕನೆಕ್ಷನ್ ಕೊಡಿಸಬೇಕು, ಏಕೆಂದರೆ ಕೆಲವು ಟ್ಯೂಬ್‌ಗಳಿಗೆ ಕರೆಂಟು ಒಂದೇ ತುದಿಯಿಂದ, ಕೆಲವಕ್ಕೆ ಎರಡೂ ತುದಿಯಿಂದ. ಬಿಚ್ಚಿದ ಹಳೆಯ ಟ್ಯೂಬಿನಲ್ಲಿ ಪಾದರಸವಿದೆ, ಅದನ್ನು ಚರಂಡಿಗೆ ಒಡೆದು ಹಾಕಬಾರದು.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ವ್ಯಾಟಿನ ಚಿಂತೆ ಏಕೆ ಎನ್ನುವವರಿದ್ದಾರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ ಎಂಬುದನ್ನು ಕೂಲರ್ ಓಡುವ ತಿಂಗಳಲ್ಲಿ ಬೆಸ್ಕಾಂ ರಸೀತಿ ನೆನಪಿಸುತ್ತದೆ. ಚೋಕ್ ಸೇರಿ ಐವತ್ತರ ಹತ್ತಿರ ವ್ಯಾಟ್ ತಿನ್ನುವ ಎರಡು ಹಳೆಯ ಟ್ಯೂಬ್‌ಗಳು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 15 ಯೂನಿಟ್, 20 ವ್ಯಾಟ್‌ನ ಎರಡು ಬ್ಯಾಟನ್‌ಗಳಾದರೆ 6. ಸೆನ್ಸರ್ ದೀಪಗಳನ್ನು ಮಾತ್ರ ನಾನು ಅಷ್ಟಾಗಿ ಮೆಚ್ಚಲಾರೆ. ಪಿಐಆರ್ ಸೆನ್ಸರ್ ಕೆಲಸ ಮಾಡುವುದು ನಮ್ಮ ಮೈಬಿಸಿಗೂ ಸುತ್ತಲಿನ ಬಿಸಿಗೂ ಇರುವ ವ್ಯತ್ಯಾಸದಿಂದ. ಕಾದ ಶೆಡ್‌ನಲ್ಲಿ ಆ ವ್ಯತ್ಯಾಸವೇ ಅಳಿಸಿಹೋಗಿ ಎದುರು ನಿಂತರೂ ಅದಕ್ಕೆ ಮನುಷ್ಯ ಸರಿಯಾಗಿ ಕಾಣುವುದಿಲ್ಲ. ಮೈಕ್ರೋವೇವ್ ಸೆನ್ಸರಿಗೆ ಬಿಸಿಯ ಹಂಗಿಲ್ಲ, ಆದರೆ ಗೇಟಿನಾಚೆ ಹಾದುಹೋಗುವ ಬೈಕಿಗೂ ಬೀದಿನಾಯಿಗೂ ಅದು ದೀಪ ಹಚ್ಚುತ್ತದೆ.

ಇನ್ನು ಪೋರ್ಟಿಕೊದಿಂದ ರಸ್ತೆಗೆ ಮುಖ ಮಾಡಿದ ಫ್ಲಡ್‌ಲೈಟ್‌ಗಳು. ಮೂವತ್ತು ಅಡಿ ರಸ್ತೆಯ ಎದುರುಬದಿಯ ಮನೆಯವರ ಮಲಗುವ ಕೋಣೆಗೆ ಅದು ರಾತ್ರಿಯಿಡೀ ಹೊಡೆಯುತ್ತದೆ, ತಿರುವಿನಲ್ಲಿ ಬರುವ ಬೈಕಿನವನ ಕಣ್ಣು ಕೋರೈಸುತ್ತದೆ. ಕಳ್ಳರ ಭಯಕ್ಕೆ ಹಾಕಿದ್ದೇವೆ ಎಂಬುದು ಅರ್ಥವಾಗುವ ಮಾತೇ. ಹಾಗಿದ್ದರೆ ಅದರ ಮುಖವನ್ನು ನೆಲಕ್ಕೆ ತಿರುಗಿಸಿ, ನಿಮ್ಮ ಗೇಟಿನೊಳಗೆ ಬೆಳಕು ಬೀಳಲಿ.

ಈಗ ಮನೆ ಕಟ್ಟಿಸುತ್ತಿರುವವರಿಗೆ ಇದೆಲ್ಲ ಸುಲಭ. ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಮುಂಚೆ, ಕಂಬಿ ಕಟ್ಟಿ ಪೈಪ್ ಎಳೆಯುವ ದಿನ, ಶೆಡ್ ಇರುವ ಜಾಗದಲ್ಲಿ ನಿಂತು ನಡುವಿನ ಪಾಯಿಂಟ್ ಬೇಡ, ಎರಡೂ ಬದಿಗೆ ಒಂದೊಂದು, ಬಾನೆಟ್ ಕಡೆಗೆ ಒಂದು ಬಾಕ್ಸ್ ಬಿಡಿ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿದರೆ ಖರ್ಚು ಕೆಲವು ಮೀಟರ್ ಪೈಪು ಮತ್ತು ವೈರಿನದು ಮಾತ್ರ. ಆ ದಿನ ಕಳೆದರೆ ಗೋಡೆಯ ಮೇಲೆ ಕೇಸಿಂಗ್ ಪಟ್ಟಿ ಹೊಡೆಸಬೇಕಾಗುತ್ತದೆ. ಅದರಲ್ಲೂ ಬೆಳಕಿಗೇನೂ ಕೊರತೆಯಾಗುವುದಿಲ್ಲ, ನೋಡಲು ಅಷ್ಟು ಚೆನ್ನಾಗಿರುವುದಿಲ್ಲ ಅಷ್ಟೇ.