ಬಾಣಂತಿಯರಿಗೆ ಮಾತ್ರ ಬರುವುದಲ್ಲ

ಸ್ಟ್ರೆಚ್ ಮಾರ್ಕ್ಸ್ (ಚರ್ಮ ಹಿಗ್ಗಿ ಬೀಳುವ ಗೆರೆಗಳು) ಬಸುರಿ-ಬಾಣಂತಿಯರ ತೊಂದರೆ, ದಿನಾ ಕೊಬ್ಬರಿ ಎಣ್ಣೆ ತಿಕ್ಕಿದರೆ ಹೋಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಎಣ್ಣೆಯಿಂದ ನವೆ ಕಡಿಮೆಯಾಗುತ್ತದೆ, ಒಪ್ಪಿದೆ. ಆದರೆ ಹರಿದಿರುವುದು ಚರ್ಮದ ಒಳಪದರ ಅಲ್ವಾ? ಮೇಲೆ ಸವರಿದ ಎಣ್ಣೆ ಅದನ್ನು ಸರಿಮಾಡುವುದಿಲ್ಲ.

ಹೈಸ್ಕೂಲ್ ಹುಡುಗರು ದಿಢೀರ್ ಉದ್ದವಾದಾಗಲೂ ಸೊಂಟದ ಹಿಂದೆ ಅಡ್ಡಡ್ಡ ಗೆರೆ ಬರುತ್ತವೆ. ನೋಡಿದವರು ಯಾರೋ ಬೆತ್ತದಲ್ಲಿ ಬಾರಿಸಿದ್ದಾರೆ ಅಂದುಕೊಳ್ಳಬೇಕು, ಹಾಗಿರುತ್ತವೆ!

ನೀವು ಬಿಟ್ಟ ದೊಡ್ಡ ಕಾರಣ ಮೆಡಿಕಲ್ ಶಾಪಿನ ಟ್ಯೂಬು. ತೊಡೆಸಂದಿಯಲ್ಲಿ ಹುಳುಕಡ್ಡಿ ಆಗುತ್ತದೆ, ಡಾಕ್ಟರಿಗೆ ತೋರಿಸಲು ನಾಚಿಕೆ. ಅಂಗಡಿಯವರು ಕೊಟ್ಟ ಕ್ರೀಮ್ ಹಚ್ಚಿದರೆ ತುರಿಕೆ ಬೇಗ ನಿಲ್ಲುತ್ತದೆ. ಮತ್ತೆ ಶುರುವಾದರೆ ಮತ್ತೆ ಅದೇ ಟ್ಯೂಬು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸೋಲ್ ಅಥವಾ ಬೀಟಾಮೆಥಾಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಬೆರಳಗಲ ಕೆಂಪು ಗೆರೆ ಬೀಳುತ್ತವೆ. ನನ್ನ ತಮ್ಮನಿಗೆ ಹೀಗೇ ಆಯಿತು. ಹುಳುಕಡ್ಡಿ ವಾಸಿಯಾದರೂ ಗೆರೆ ಉಳಿದಿವೆ.

ಇನ್ನು ಚಿಕಿತ್ಸೆ. ಗೆರೆ ಕೆಂಪಗೋ ನೇರಳೆಯಾಗಿಯೋ ಇರುವಾಗಲೇ ಚರ್ಮದ ಡಾಕ್ಟರಿಗೆ ತೋರಿಸಿ. ಕೆಲವರಿಗೆ ಟ್ರೆಟಿನೋಯಿನ್ ಕ್ರೀಮಿನಿಂದ ಸ್ವಲ್ಪ ಮಾಸುತ್ತವೆ. ಬಸುರಿಯರು ಮಾತ್ರ ಅದನ್ನು ಹಚ್ಚಲೇಬಾರದು. ಬೆಳ್ಳಗಾದ ಹಳೆಯ ಗೆರೆಗಳಿಗೆ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು), ಲೇಸರ್ ಇವೆ, ಆದರೆ ಪೂರ್ತಿ ಅಳಿಸುವುದಿಲ್ಲ. ನಮ್ಮಂಥ ಕಂದು ಮೈಬಣ್ಣಕ್ಕೆ ಲೇಸರಿನಿಂದ ಕಪ್ಪು ಕಲೆ ಬೀಳುವ ಭಯವೂ ಇದೆ. ಪ್ಯಾಕೇಜಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಕೇಳಿಕೊಳ್ಳಿ.