ಓಬವ್ವನಿಗೆ ಪ್ರಭಾರ ಮಾತ್ರ

ನವೆಂಬರ್ 11 ಬಂತು ಅಂದರೆ ಚಿತ್ರದುರ್ಗದ ಗಂಡಸರಿಗೆ ಓಬವ್ವನ ಮೇಲೆ ಎಲ್ಲಿಲ್ಲದ ಅಭಿಮಾನ ಉಕ್ಕುತ್ತದೆ. 2021ರಿಂದ ಸರ್ಕಾರವೇ ಜಯಂತಿ ಮಾಡುತ್ತಿದೆ. ಅದನ್ನು ನೋಡಿ ಕಚೇರಿ, ಸಂಘ, ಬ್ಯಾಂಕುಗಳಲ್ಲೂ ಒಂದೊಂದು ಸಮಾರಂಭ. ವೇದಿಕೆ ತುಂಬಾ ಪೇಟ ಸುತ್ತಿಕೊಂಡ ಮಹನೀಯರು. ಹೆಂಗಸರೇ ಇಲ್ಲ ಅನ್ನಬೇಡಿ, ಇದ್ದಾರೆ. ಒಬ್ಬರದು ಪ್ರಾರ್ಥನೆ, ಒಬ್ಬರದು ನಿರೂಪಣೆ, ಇಬ್ಬರು ತಟ್ಟೆಯಲ್ಲಿ ಹಾರ, ಶಾಲು ಹಿಡಿದು ಪಕ್ಕಕ್ಕೆ ನಿಂತಿರುತ್ತಾರೆ.

ಕಥೆ ಎಲ್ಲರಿಗೂ ಗೊತ್ತು. ಕೋಟೆ ಕಾಯುವ ಕೆಲಸ ಕಹಳೆ ಮುದ್ದ ಹನುಮನದು. ಅವನು ಊಟಕ್ಕೆ ಹೋದ. (ಅವನ ಮೇಲೆ ನನಗೇನೂ ಸಿಟ್ಟಿಲ್ಲ, ಹಸಿವು ಯಾರಿಗಿಲ್ಲ?) ಅವಳು ನೀರಿಗೆ ಅಂತ ಬಂದವಳು. ನೋಡಿದರೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರಿಕೊಂಡು ಬರುತ್ತಿದ್ದಾರೆ. ಒನಕೆ ಎತ್ತಿಕೊಂಡಳು. ಸರ್ಕಾರಿ ಲೆಕ್ಕದಲ್ಲಿ ಹೇಳುವುದಾದರೆ ಅವಳದು ಪ್ರಭಾರ. ಆದೇಶ ಇಲ್ಲ, ಭತ್ಯೆ ಇಲ್ಲ, ಆಯುಧ ಕೂಡ ಇಲಾಖೆ ಕೊಟ್ಟಿದ್ದಲ್ಲ. ಮನೆಯಿಂದ ತಂದಿದ್ದು.

ಈ ಪದ್ಧತಿಯನ್ನು ನಮ್ಮ ಕಚೇರಿಗಳು ಇವತ್ತಿಗೂ ಭಕ್ತಿಯಿಂದ ಉಳಿಸಿಕೊಂಡಿವೆ. ಸಾಹೇಬರು ರಜೆ ಹಾಕಿದರೆ ಪ್ರಭಾರ ಮೇಡಂಗೆ. ಸಾಹೇಬರಿಗೆ ವರ್ಗವಾದರೆ ಪ್ರಭಾರ ಮೇಡಂಗೆ. ಆಡಿಟ್‌ನವರು ಬರುವ ವಾರವಂತೂ ಖಂಡಿತ ಮೇಡಂಗೆ. ಆಡಿಟ್ ಮುಗಿದ ಮಾರನೇ ದಿನ ಹೊಸ ಸಾಹೇಬರು ಬಂದು ಕುರ್ಚಿಯ ಮೇಲೆ ಟರ್ಕಿ ಟವೆಲ್ ಹಾಸಿಕೊಂಡು ಕೂರುತ್ತಾರೆ.

ಮೇಡಂಗೆ ಬಡ್ತಿ ಯಾಕಿಲ್ಲ ಅಂತ ಕೇಳಿದರೆ ಯಾರೂ ಬೈಯುವುದಿಲ್ಲ, ಮರುಗುತ್ತಾರೆ. ಬಡ್ತಿ ಮೀಟಿಂಗಿನ ಮಾತುಕತೆ ಹೀಗಿರುತ್ತದೆ:

"ಮೇಡಂ ಕೆಲಸದಲ್ಲಿ ಎರಡು ಮಾತಿಲ್ಲ. ಆದ್ರೆ ಫೀಲ್ಡಿಗೆ ಓಡಾಡಬೇಕಲ್ರೀ, ಪಾಪ."

"ಮಕ್ಕಳು ಬೇರೆ ಚಿಕ್ಕವು, ಪಾಪ."

"ಚಿಕ್ಕವಲ್ಲ ಸಾರ್, ದೊಡ್ಡದು ಎಸ್ಸೆಸ್ಸೆಲ್ಸಿ."

"ಹಂಗಾದ್ರೆ ಇನ್ನೂ ಕಷ್ಟ, ಪಾಪ."

ಮುಂದಿನ ಫೈಲು ಒಬ್ಬ ಗಂಡಸಿನದು. ಅವರಿಗೂ ಎರಡು ಮಕ್ಕಳು, ಅವರ ಮನೆಯಲ್ಲೂ ಎಸ್ಸೆಸ್ಸೆಲ್ಸಿ. "ಸಂಸಾರಸ್ಥ, ಜವಾಬ್ದಾರಿ ಜಾಸ್ತಿ ಇದೆ, ಕೊಟ್ಟುಬಿಡೋಣ." ಅವರಿಗೆ ಅಡ್ಡಿಯಾದ ಮಕ್ಕಳೇ ಇವರಿಗೆ ಅರ್ಹತೆ. ಇಷ್ಟೆಲ್ಲ ಆದಮೇಲೆ ನಡಾವಳಿ ಟೈಪ್ ಮಾಡಲು ಯಾರನ್ನು ಕರೆಯುತ್ತಾರೆ ಹೇಳಿ? ಅದೇ ಮೇಡಂ. ಕಾಗುಣಿತ ತಪ್ಪಬಾರದಲ್ವಾ.

ಕಾನೂನು ಮಾಡಿದವರಿಗೆ ನಮ್ಮ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಹತ್ತು ಜನರಿಗಿಂತ ಕಮ್ಮಿ ಇಲ್ಲದ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಒಂದು ಸಮಿತಿ ಬೇಕು, ಅದಕ್ಕೆ ಆ ಕಚೇರಿಯ ಹಿರಿಯ ಹುದ್ದೆಯ ಮಹಿಳೆಯೇ ಅಧ್ಯಕ್ಷೆಯಾಗಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಹಿರಿಯ ಮಹಿಳೆ ಸಿಗದಿದ್ದರೆ? ಅದಕ್ಕೂ ಅಲ್ಲೇ ದಾರಿ ಬರೆದಿದ್ದಾರೆ: ಬೇರೆ ಕಚೇರಿಯಿಂದ ಕರೆಸಿಕೊಳ್ಳಿ. ಶಾಮಿಯಾನದವರಿಂದ ಕಡಾಯಿ ತರಿಸಿದ ಹಾಗೆ. ಅದೇ 2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿರುವ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು ಎಂದಿತು. ಎಷ್ಟೋ ಮಾಲೀಕರಿಗೆ ತಮ್ಮ ಹೆಂಡತಿ, ಮಗಳಲ್ಲಿ ಇಷ್ಟು ದಿನ ಕಾಣದ ಪ್ರತಿಭೆ ಆಗ ದಿಢೀರನೆ ಕಂಡಿತು.

ಪಕ್ಕದ ದಾವಣಗೆರೆ ನಮಗಿಂತ ಒಂದು ಹೆಜ್ಜೆ ಮುಂದೆ. 2024ರ ಲೋಕಸಭೆ ಚುನಾವಣೆಯಲ್ಲಿ ಎರಡೂ ದೊಡ್ಡ ಪಕ್ಷಗಳು ಹೆಂಗಸರನ್ನೇ ನಿಲ್ಲಿಸಿದವು. ಒಬ್ಬರು ಸಚಿವರ ಪತ್ನಿ, ಇನ್ನೊಬ್ಬರು ಆಗಿನ ಸಂಸದರ ಪತ್ನಿ. ತಮ್ಮ ಸೊಸೆಗೆ ಮತ ಕೇಳಲು ಹೊರಟ ಹಿರಿಯ ನಾಯಕರೊಬ್ಬರು, ಎದುರಾಳಿ ಅಡುಗೆ ಮಾಡಲಷ್ಟೇ ಲಾಯಕ್ಕು ಎಂದು ಸುದ್ದಿಯಾದರು. ಬೆಣ್ಣೆ ದೋಸೆಯ ಊರಲ್ಲಿ ಅಡುಗೆ ಬರುವುದು ಅನರ್ಹತೆ! ಆ ದೋಸೆ ಶುರುವಾಗಿದ್ದು ಚೆನ್ನಮ್ಮ ಎಂಬ ಹೆಂಗಸಿನ ಕೈಯಿಂದ ಅಂತ ಊರೇ ಹೇಳುತ್ತದೆ. ಈಗ ಹೋಟೆಲುಗಳಿಗೆ ಹೋಗಿ ನೋಡಿ. ಹೆಚ್ಚಿನ ಕಡೆ ಕಾವಲಿ ಮುಂದೆಯೂ ಗಂಡಸು, ಗಲ್ಲಾದಲ್ಲೂ ಗಂಡಸು. ದುಡ್ಡು ಹುಟ್ಟುವ ಅಡುಗೆಗೆ ನಾಚಿಕೆ ಎಲ್ಲಿದೆ?

ಇನ್ನು ಹಳ್ಳಿ. 2010ರಲ್ಲಿ ಕರ್ನಾಟಕ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಅರ್ಧಕ್ಕರ್ಧ ಜಾಗ ಕೊಟ್ಟಿತು. ಚೆನ್ನಾಗಿ ನಡೆಸುತ್ತಿರುವ ಗಟ್ಟಿಗಿತ್ತಿಯರು ಬೇಕಾದಷ್ಟಿದ್ದಾರೆ. ಅವರನ್ನು ಬಿಟ್ಟು, ಉಳಿದ ಯಾವುದಾದರೂ ಪಂಚಾಯಿತಿಯ ಅಧ್ಯಕ್ಷೆಗೆ ಸುಮ್ನೆ ಒಂದು ಫೋನ್ ಮಾಡಿ.

"ಹಲೋ, ಅಧ್ಯಕ್ಷರೇನ್ರೀ?"

"ಹೌದು, ಹೇಳ್ರೀ" ಅನ್ನುತ್ತದೆ ದಪ್ಪ ಗಂಡು ದನಿ.

"ಅಲ್ಲ, ಮೇಡಂ ಹತ್ರ ಮಾತಾಡಬೇಕಿತ್ತು. ಮಹಿಳಾ ದಿನಾಚರಣೆಗೆ ಮುಖ್ಯ ಅತಿಥಿ..."

"ಅದಕ್ಕೇನಂತೆ, ಎಷ್ಟು ಗಂಟೆಗೆ ಅಂತ ಹೇಳ್ರೀ. ಬರ್ತೀನಿ."