ಹಡಗಿನ ಮೇಲೆ ಬಾಲ್‌ಪೆನ್ನು ಎಳೆದರು!

ನಾಲ್ಕು ದಿನದಿಂದ ಹೊಟ್ಟೆ ಉರಿಯುತ್ತಿದೆ. ನನ್ನ ಹಡಗಿನ ಸ್ಟಾಂಪಿಗೆ ಅಂಚೆ ಕಚೇರಿಯವರು ಮಾಡಿದ್ದನ್ನು ಹೇಳಿಕೊಳ್ಳದೆ ಸಮಾಧಾನ ಇಲ್ಲ.

ಶಿರಸಿಯಲ್ಲಿರುವ ನಮ್ಮ ಮಾವ ಮರ್ಚೆಂಟ್ ನೇವಿಯಲ್ಲಿ ದುಡಿದವರು. ಏಪ್ರಿಲ್ 5 ಅವರಿಗೆ ಹಬ್ಬ. 1919ರಲ್ಲಿ ಅದೇ ದಿನ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತ್ತು. ಕಡಲಲ್ಲೆಲ್ಲ ಬ್ರಿಟಿಷ್ ಕಂಪನಿಗಳದ್ದೇ ಕಾರುಬಾರು ಇದ್ದಾಗ ಹೊರಟ ನಮ್ಮವರ ಹಡಗು ಅದು. ಆ ನೆನಪಿಗೇ ರಾಷ್ಟ್ರೀಯ ಕಡಲಯಾನ ದಿನ. ಪ್ರತಿ ವರ್ಷ ಆ ತಾರೀಖಿನ ಸೀಲು ಬೀಳುವ ಹಾಗೆ ಮಾವನಿಗೆ ಒಂದು ಲಕೋಟೆ ಕಳಿಸುತ್ತೇನೆ. ಅವರು ಲಕೋಟೆಯನ್ನೇ ಆಲ್ಬಮ್ಮಿಗೆ ಸೇರಿಸುತ್ತಾರೆ.

ಈ ಸಲ ಹಚ್ಚಿದ್ದು 1965ರ 15 ಪೈಸೆ ಸ್ಟಾಂಪು. ಇದೇ ದಿನದ ನೆನಪಿಗೆ ಬಂದದ್ದು, ಮೇಲೆ ‘ಜಲ ಉಷಾ’ ಹಡಗಿನ ಚಿತ್ರ. ವಿಶಾಖಪಟ್ಟಣದಲ್ಲಿ ಕಟ್ಟಿ, 1948ರಲ್ಲಿ ನೆಹರೂ ನೀರಿಗಿಳಿಸಿದ ಹಡಗು ಅದು. ನನ್ನ ಹತ್ತಿರ ಇದ್ದದ್ದೇ ಎರಡು. ಪೋಸ್ಟೇಜಿಗೆ ಬೇಕಾದಷ್ಟು ಬೇರೆ ಸ್ಟಾಂಪು ಪಕ್ಕದಲ್ಲಿ ಹಚ್ಚಿದ್ದೆ. ನಮ್ಮ ಕಾರವಾರದ ಅಂಚೆ ಕಚೇರಿಯ ಕೌಂಟರಿನಲ್ಲಿ ಕೈಮುಗಿದು ಕೇಳಿದೆ: ‘ಸರ್, ಮೂಲೆಯಲ್ಲಿ ಹಗುರಾಗಿ ಸೀಲು ಹೊಡೀರಿ, ತಾರೀಖು ಕಾಣಬೇಕು.’ ‘ಆಯ್ತು, ಇಟ್ಟು ಹೋಗಿ’ ಅಂದರು. ಇಟ್ಟು ಬಂದೆ. ಅದೇ ತಪ್ಪಾಯಿತು.

ಮಾವ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಹಡಗಿನ ಮೂತಿಯಿಂದ ಹಿಂಬದಿಯವರೆಗೆ ನೀಲಿ ಬಾಲ್‌ಪೆನ್ನಿನ ಎರಡು ಗೀಟು. ಒತ್ತಿ ಎಳೆದಿದ್ದಾರೆ, ಕಾಗದ ಸೀಳಿದೆ. ಸೀಲು ಬಿದ್ದದ್ದು ಖಾಲಿ ಜಾಗದ ಮೇಲೆ, ಅದೂ ಮಸಿಯ ಮುದ್ದೆ. ತಾರೀಖಿನ ಒಂದಂಕಿಯೂ ಓದಲಾಗುವುದಿಲ್ಲ. ಮಾವ ಬರೆದದ್ದು ಇಷ್ಟೇ: ‘ಇರ್ಲಿ ಬಿಡು ತಮ್ಮಾ.’ ಅವರು ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಹೋಗಿ ಕೇಳಿದರೆ, ‘ಪತ್ರ ಮುಟ್ಟಿತಲ್ಲ, ಇನ್ನೇನು?’ ಅಂತೆ! ಸೀಲು ಕೈಯಲ್ಲೇ ಇರುವಾಗ ಪೆನ್ನು ಯಾಕೆ ಬೇಕು? ಸ್ಮರಣಾರ್ಥ ಸ್ಟಾಂಪು ಒಂದು ಸಲ ಅಚ್ಚಾದರೆ ಮುಗಿಯಿತು, ಮತ್ತೆ ಅಚ್ಚು ಹಾಕುವುದಿಲ್ಲ. ಇದು ಅಲ್ಲಿ ಕೂತವರಿಗೆ ಗೊತ್ತಿರಬೇಕಲ್ವಾ?

ಇನ್ನು ನೌಕಾಪಡೆಯ ಹೊಸ ಸ್ಟಾಂಪು ಬಂತೆಂದು ಕೇಳಲು ಹೋದರೆ ಯಾವಾಗಲೂ ಒಂದೇ ಉತ್ತರ, ‘ಅದೆಲ್ಲ ಇಲ್ಲಿಗೆ ಬರಲ್ಲ, ಬೆಂಗಳೂರಲ್ಲಿ ನೋಡಿ.’ ಹಡಗು ಇರುವುದು ಇಲ್ಲಿ ಸ್ವಾಮಿ! ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟದ್ದು ನಮ್ಮ ಜನ. ಟ್ಯಾಗೋರ್ ಬೀಚಿನಲ್ಲಿ ‘ಚಪಲ್’ ಯುದ್ಧನೌಕೆಯನ್ನು ಮಕ್ಕಳು ಹತ್ತಿಳಿದು ನೋಡುತ್ತಾರೆ. ಆ ಮಕ್ಕಳಿಗೆ ಕೊಡಿಸಲು ಒಂದು ಹಡಗಿನ ಸ್ಟಾಂಪು ಬೇಕೆಂದರೆ ರಾತ್ರಿ ಬಸ್ಸು ಹತ್ತಬೇಕಾ?

ಉಳಿದ ಇನ್ನೊಂದು ‘ಜಲ ಉಷಾ’ ನನ್ನ ಡ್ರಾದಲ್ಲಿದೆ. ಮುಂದಿನ ಏಪ್ರಿಲ್‌ಗೆ ಅದನ್ನೇ ಹಚ್ಚುತ್ತೇನೆ. ನನ್ನ ಕಣ್ಣೆದುರೇ ಸೀಲು ಬೀಳುವ ತನಕ ಆ ಕೌಂಟರ್ ಬಿಟ್ಟು ಕದಲುವುದಿಲ್ಲ.